ಒಂದೇ ರಿವಾಲ್ವರಿಗೆ ಎರಡನೆಯ ಸಿಲಿಂಡರ್: ಕೊಳ್ಳುವ, ಕೂರಿಸುವ, ಪರೀಕ್ಷಿಸುವ ಕ್ರಮ

ಪ್ರತಿ ಗುಂಡಿಗೂ ಹ್ಯಾಮರನ್ನು (ಏಟು ಕೊಡುವ ಕುದುರೆಯನ್ನು) ಕೈಯಿಂದ ಎಳೆಯಬೇಕಾದ ಸಿಂಗಲ್ ಆ್ಯಕ್ಷನ್ ರಿವಾಲ್ವರಿನಲ್ಲಿ, ತೋಟಾ ತುಂಬುವ ಸಿಲಿಂಡರ್ ಬದಲಾಯಿಸುವುದು ನೋಡುವವರ ಕಣ್ಣಿಗೆ ಅರ್ಧ ನಿಮಿಷದ ಕೆಲಸ. ಸಿಲಿಂಡರಿನ ಅಚ್ಚಾದ ಬೇಸ್ ಪಿನ್ನನ್ನು ಮುಂದಕ್ಕೆ ಎಳೆದರೆ ಸಿಲಿಂಡರ್ ಬಲಬದಿಯಿಂದ ಅಂಗೈಗೆ ಉರುಳಿ ಬರುತ್ತದೆ; ಇನ್ನೊಂದನ್ನು ಅದೇ ಜಾಗಕ್ಕೆ ಉರುಳಿಸಿ ಪಿನ್ ಒಳಕ್ಕೆ ದೂಡಿದರೆ ಮುಗಿಯಿತು. ಈ ಸರಾಗವೇ ಅನೇಕರನ್ನು ದಾರಿ ತಪ್ಪಿಸುತ್ತದೆ. ಸಿಲಿಂಡರ್ ಜಾಗಕ್ಕೆ ಕೂತಿತು ಎಂಬುದಕ್ಕೂ ಅದು ಆ ರಿವಾಲ್ವರಿಗೆ ಹೊಂದಿತು ಎಂಬುದಕ್ಕೂ ನಡುವೆ ಕಾಗದದ ಹಾಳೆಯಷ್ಟು ದಪ್ಪದ ಅಂತರವಿರುತ್ತದೆ, ಮತ್ತು ಈ ಲೇಖನದ ಹೆಚ್ಚಿನ ಮಾತುಗಳು ಆ ಅಂತರವನ್ನು ಅಳೆಯುವ ಬಗೆಗೇ ಇವೆ.

ಆರಂಭದಲ್ಲೇ ಒಂದು ಸೂತ್ರವನ್ನು ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಪ್ರತಿ ಹಂತದಲ್ಲೂ ಅದು ಬೇಕಾಗುತ್ತದೆ. ನಿಮ್ಮ ರಿವಾಲ್ವರಿನ ಫ್ರೇಮು, ನಳಿಗೆ, ಸಿಲಿಂಡರನ್ನು ತಿರುಗಿಸುವ ಪಾಲ್, ಅದನ್ನು ಹಿಡಿದು ನಿಲ್ಲಿಸುವ ಲ್ಯಾಚ್, ಇವೆಲ್ಲವೂ ಈಗಾಗಲೇ ಮೊದಲ ಸಿಲಿಂಡರಿಗೆ ಹೊಂದಿಸಲ್ಪಟ್ಟಿವೆ. ಆದ್ದರಿಂದ ಅರ ಹಾಕುವುದಿದ್ದರೂ ಸಾಣೆ ಹಿಡಿಯುವುದಿದ್ದರೂ ಅದು ಹೊಸ ಸಿಲಿಂಡರಿನ ಮೇಲೆ ಮಾತ್ರ ನಡೆಯಬೇಕು, ರಿವಾಲ್ವರಿನ ಮೇಲಲ್ಲ. ಹೊಸಬನಿಗಾಗಿ ಮನೆಯ ಬಾಗಿಲನ್ನೇ ಕೊರೆದರೆ ಹಳಬ ಒಳಗೆ ಬರುವಾಗ ಬಾಗಿಲು ಅಲುಗಾಡತೊಡಗುತ್ತದೆ.

ಎರಡನೆಯ ಸಿಲಿಂಡರ್ ಏಕೆ ಸಾಧ್ಯ

ಟ್ರಿಗರ್ ಎಳೆದರೆ ಹ್ಯಾಮರೂ ತಾನಾಗಿ ಏಳುವ, ಪಕ್ಕಕ್ಕೆ ತೆರೆದುಕೊಳ್ಳುವ ಸಿಲಿಂಡರಿನ ಡಬಲ್ ಆ್ಯಕ್ಷನ್ ರಿವಾಲ್ವರಿನಲ್ಲಿ ಖಾಲಿ ತೋಟಾಗಳನ್ನು ನಕ್ಷತ್ರಾಕಾರದ ಎಜೆಕ್ಟರ್ ಹಿಂದಿನಿಂದ ರಿಮ್ (ತಳದ ಅಂಚು) ಹಿಡಿದು ಎತ್ತುತ್ತದೆ. ಪಿಸ್ತೂಲಿನ ತೋಟಾಗಳಿಗೆ ಹೊರಚಾಚಿದ ರಿಮ್ ಇಲ್ಲದಿರುವುದರಿಂದ ಅಲ್ಲಿ ತೋಟಾಗಳನ್ನು ಒಟ್ಟಿಗೆ ಹಿಡಿಯುವ ಲೋಹದ ಮೂನ್ ಕ್ಲಿಪ್‌ನಂತಹ ಉಪಾಯಗಳು ಬೇಕಾಗುತ್ತವೆ. ಸಿಂಗಲ್ ಆ್ಯಕ್ಷನ್ನಿನಲ್ಲಾದರೋ ನಳಿಗೆಯ ಬದಿಯಲ್ಲಿರುವ ಎಜೆಕ್ಟರ್ ಸರಳು ಚೇಂಬರಿನ (ತೋಟಾ ಕೂರುವ ರಂಧ್ರದ) ಮುಂಬಾಯಿಯಿಂದ ಒಳಹೊಕ್ಕು ಖಾಲಿ ಕೇಸನ್ನು (ತೋಟಾದ ಲೋಹದ ಕವಚವನ್ನು) ಒಳಗಿನಿಂದ ಒಂದೊಂದಾಗಿ ಹಿಂದಕ್ಕೆ ತಳ್ಳುತ್ತದೆ. ಅದಕ್ಕೆ ರಿಮ್ಮಿನ ಹಂಗಿಲ್ಲ. ಹೀಗಾಗಿಯೇ ರಿಮ್ ಇರುವ ತೋಟಾಕ್ಕೆ ಒಂದು, ಇಲ್ಲದ ತೋಟಾಕ್ಕೆ ಇನ್ನೊಂದು ಎಂದು ಎರಡು ಸಿಲಿಂಡರ್ ಇಟ್ಟುಕೊಳ್ಳುವ ಪದ್ಧತಿ ಈ ಹಳೆಯ ವಿನ್ಯಾಸದಲ್ಲಿಯೇ ಬೇರೂರಿತು.

ಆದರೆ ನಳಿಗೆ ಒಂದೇ. ಆದ್ದರಿಂದ ಎರಡೂ ತೋಟಾಗಳ ಗುಂಡಿನ ವ್ಯಾಸ ಆ ನಳಿಗೆಗೆ ಸರಿಹೋಗಬೇಕು. ರೂಢಿಯಲ್ಲಿರುವ ಜೋಡಿಗಳು ಕೆಲವೇ. .357 ಮ್ಯಾಗ್ನಂ ಜೊತೆಗೆ 9 ಎಂಎಂ: ಮೊದಲನೆಯದರ ಜಾಕೆಟ್ ಗುಂಡು 0.357 ಇಂಚು, ಎರಡನೆಯದು 0.355 ಇಂಚು, ಈ ವ್ಯತ್ಯಾಸವನ್ನು ನಳಿಗೆ ಸಹಿಸಿಕೊಳ್ಳುತ್ತದೆ, ಗುರಿಯ ನಿಖರತೆ ಕೊಂಚ ತಗ್ಗಬಹುದು. .45 ಕೋಲ್ಟ್ ಜೊತೆಗೆ .45 ಎಸಿಪಿ (ಆಟೊಮ್ಯಾಟಿಕ್ ಕೋಲ್ಟ್ ಪಿಸ್ಟಲ್): ಇಲ್ಲಿ ವ್ಯತ್ಯಾಸ ಇನ್ನೂ ಕಡಿಮೆ. .22 ಲಾಂಗ್ ರೈಫಲ್ ಜೊತೆಗೆ .22 ಮ್ಯಾಗ್ನಂ. .38-40 ಜೊತೆಗೆ 10 ಎಂಎಂ. .38 ಸ್ಪೆಷಲ್‌ಗೆಂದು ಪ್ರತ್ಯೇಕ ಸಿಲಿಂಡರ್ ಹುಡುಕುವವರನ್ನು ಕಂಡಿದ್ದೇನೆ. ಅದರ ಅಗತ್ಯವಿಲ್ಲ, .357 ಮ್ಯಾಗ್ನಂ ಸಿಲಿಂಡರಿನಲ್ಲೇ ಅದು ಹಾರುತ್ತದೆ. ಚೇಂಬರಿನಲ್ಲಿ ಕಟ್ಟುವ ಮಸಿಯನ್ನು ಉಜ್ಜಿ ತೆಗೆಯುವ ತಾಳ್ಮೆ ಇದ್ದರೆ ಸಾಕು.

ಗುಂಡಿನ ವ್ಯಾಸ ಹೊಂದಿತು ಎಂದಾಕ್ಷಣ ಒತ್ತಡ ಹೊಂದಿತು ಎಂದು ಭಾವಿಸಬಾರದು. ನೋಡಲು ಗಿಡ್ಡಗಿರುವ .45 ಎಸಿಪಿ ತೋಟಾದ ಗರಿಷ್ಠ ಒತ್ತಡದ ಮಿತಿ ಚದರ ಇಂಚಿಗೆ 21,000 ಪೌಂಡ್, ಉದ್ದನೆಯ .45 ಕೋಲ್ಟ್ ತೋಟಾದ ಮಿತಿ 14,000 ಮಾತ್ರ. ಹೊಸ ಕಾಲದ ಉಕ್ಕಿನ ರಿವಾಲ್ವರಿಗೆ ಇದು ಚಿಂತೆಯ ವಿಷಯವಲ್ಲ. ಆದರೆ 1873ರಲ್ಲಿ ಹುಟ್ಟಿದ ಕೋಲ್ಟ್ ಸಿಂಗಲ್ ಆ್ಯಕ್ಷನ್ ಆರ್ಮಿಯ ಆರಂಭದ ಪ್ರತಿಗಳು ಕರಿಮದ್ದಿಗೆಂದೇ ತಯಾರಾದವು. ಕೋಲ್ಟ್ ಕಂಪನಿ ಹೊಗೆರಹಿತ ಮದ್ದಿಗೆ ಭರವಸೆ ನೀಡಿದ್ದು 1900ರ ಹೊತ್ತಿಗೆ. ಅಂಥ ಹಳೆಯ ರಿವಾಲ್ವರಿಗೆ ಎಸಿಪಿ ಸಿಲಿಂಡರ್ ತೊಡಿಸುವ ಯೋಚನೆಯನ್ನೇ ಮಾಡಬಾರದು. ಸಿಲಿಂಡರ್ ಗಟ್ಟಿಯಾಗಿರಬಹುದು, ಅದನ್ನು ಹಿಡಿದಿರುವ ಫ್ರೇಮಿನ ಮೇಲ್ಪಟ್ಟಿ ಗಟ್ಟಿಯಾಗಿರಲಾರದು.

ಕೊಳ್ಳುವ ಮುನ್ನ

ಮೊದಲನೆಯದಾಗಿ ಕಾನೂನು. ಅಮೆರಿಕದ 1968ರ ಗನ್ ಕಂಟ್ರೋಲ್ ಆ್ಯಕ್ಟ್ ರಿವಾಲ್ವರಿನ ಫ್ರೇಮನ್ನು ಬಂದೂಕೆಂದು ಪರಿಗಣಿಸುತ್ತದೆ, ಬಿಡಿ ಸಿಲಿಂಡರನ್ನು ಹಾಗೆ ನೋಡುವುದಿಲ್ಲ. ಭಾರತದ 1959ರ ಆಯುಧ ಕಾಯಿದೆಯ ವ್ಯಾಖ್ಯೆಯೊಳಗೆ ಆಯುಧದ ಬಿಡಿಭಾಗಗಳೂ ಸೇರುತ್ತವೆ. ಒಂದು ಕಡೆ ಅಂಚೆಯಲ್ಲಿ ಬರುವ ವಸ್ತು ಇನ್ನೊಂದು ಕಡೆ ಅಪರಾಧವಾಗಬಹುದಾದ್ದರಿಂದ, ನೀವಿರುವಲ್ಲಿನ ನಿಯಮವನ್ನು ಲೈಸೆನ್ಸ್ ಕೊಟ್ಟ ಕಚೇರಿಯಲ್ಲಿ ಬರಹದಲ್ಲಿ ಕೇಳಿ ತಿಳಿದುಕೊಂಡ ಬಳಿಕವೇ ಹಣ ಕೊಡಬೇಕು. ಲೈಸೆನ್ಸಿನಲ್ಲಿ ಕ್ಯಾಲಿಬರ್ ನಮೂದಾಗಿರುವ ಕಡೆಗಳಲ್ಲಿ ಎರಡನೆಯ ಕ್ಯಾಲಿಬರಿನ ಪ್ರಶ್ನೆಯೂ ಏಳುತ್ತದೆ.

ಎರಡನೆಯದು ನಿಮ್ಮ ರಿವಾಲ್ವರಿನ ಹುಟ್ಟನ್ನು ಸರಿಯಾಗಿ ತಿಳಿಯುವುದು. ಹೆಸರು ಒಂದೇ ಇದ್ದು ಒಡಲು ಬೇರೆ ಇರುವ ಉದಾಹರಣೆಗಳು ಈ ಕ್ಷೇತ್ರದಲ್ಲಿ ಹೇರಳ. ರೂಗರ್ ಕಂಪನಿಯ ವಾಕೆರೊ 1993ರಲ್ಲಿ ಬಂತು. 2005ರಲ್ಲಿ ಬಂದ ನ್ಯೂ ವಾಕೆರೊ ಅದಕ್ಕಿಂತ ಚಿಕ್ಕ ಫ್ರೇಮಿನದು. ಹೆಸರಿನಲ್ಲಿ ‘ನ್ಯೂ’ ಎಂಬ ಒಂದು ಪದದ ವ್ಯತ್ಯಾಸ, ಸಿಲಿಂಡರಿನಲ್ಲಿ ವ್ಯಾಸದ್ದೇ ವ್ಯತ್ಯಾಸ. 1955ರ ಬ್ಲ್ಯಾಕ್‌ಹಾಕ್ ಚಿಕ್ಕ ಫ್ರೇಮಿನಲ್ಲಿತ್ತು, 1973ರಲ್ಲಿ, ಟ್ರಿಗರ್ ಎಳೆದಾಗ ಮಾತ್ರ ಹ್ಯಾಮರಿನ ಏಟನ್ನು ದಾಟಿಸುವ ಟ್ರಾನ್ಸ್‌ಫರ್ ಬಾರ್ ಸಹಿತ ಬಂದ ನ್ಯೂ ಮಾಡೆಲ್ ದೊಡ್ಡ ಫ್ರೇಮಿನದು. ಕೋಲ್ಟ್‌ನಲ್ಲಿ ಮೊದಲ, ಎರಡನೆಯ, ಮೂರನೆಯ ತಲೆಮಾರು ಎಂಬ ವಿಂಗಡಣೆ ಇದೆ. 1970ರ ದಶಕದ ನಡುವಿನಲ್ಲಿ ಆರಂಭವಾದ ಮೂರನೆಯ ತಲೆಮಾರಿನಲ್ಲಿ ಪಾಲ್ ಮತ್ತು ಸಿಲಿಂಡರಿನ ಹಿಂಬದಿಯ ಹಲ್ಲುಗಳ ಆಕಾರವನ್ನೇ ಬದಲಿಸಿದರು. ಇಟಲಿಯ ಉಬರ್ಟಿ, ಪಿಯೆಟ್ಟಾ ಕಂಪನಿಗಳ ಪ್ರತಿಕೃತಿಗಳು ನೋಡಲು ಕೋಲ್ಟ್‌ನ ಅವಳಿಗಳಂತಿದ್ದರೂ ಒಂದರ ಸಿಲಿಂಡರ್ ಇನ್ನೊಂದಕ್ಕೆ ಬರುತ್ತದೆ ಎಂಬ ಭರವಸೆ ಇಲ್ಲ. ಆದ್ದರಿಂದ ಮಾರುವವರಿಗೆ ಕ್ಯಾಲಿಬರ್ ಹೇಳಿದರೆ ಸಾಲದು. ತಯಾರಕರ ಹೆಸರು, ಮಾದರಿ, ಸೀರಿಯಲ್ ಸಂಖ್ಯೆಯಿಂದ ತಿಳಿಯುವ ತಯಾರಿಕೆಯ ಅವಧಿ, ಜೊತೆಗೆ ನಿಮ್ಮ ಈಗಿನ ಸಿಲಿಂಡರಿನ ಮೂರು ಅಳತೆಗಳನ್ನು, ಅಂದರೆ ಹೊರವ್ಯಾಸ, ಒಟ್ಟು ಉದ್ದ ಮತ್ತು ಬೇಸ್ ಪಿನ್ನಿನ ರಂಧ್ರದ ವ್ಯಾಸಗಳನ್ನು, ಕ್ಯಾಲಿಪರಿನಲ್ಲಿ ಅಳೆದು ಕೊಡಬೇಕು. ಒಟ್ಟು ಉದ್ದವನ್ನು ಹಿಂಬದಿಯ ಹಲ್ಲುಗಳ ತುದಿಯಿಂದ ಮುಂಬದಿಯ ಬುಶಿಂಗಿನ (ಬೇಸ್ ಪಿನ್ ಸುತ್ತಲಿನ ಕೊಳವೆಯ) ತುದಿಯವರೆಗೆ ಅಳೆಯಬೇಕು, ಹೊರಮೈಯ ಅಂಚಿನಿಂದ ಅಂಚಿಗಲ್ಲ.

ಎರಡು ಸಿಲಿಂಡರಿನೊಡನೆ ಕಾರ್ಖಾನೆಯಿಂದ ಹೊರಬಂದ ರೂಗರ್ ರಿವಾಲ್ವರುಗಳಲ್ಲಿ ಜೋಡಿ ಸಿಲಿಂಡರಿನ ಮುಂಬದಿಯ ಮೇಲೆ ಸೀರಿಯಲ್ ಸಂಖ್ಯೆಯ ಕೊನೆಯ ಮೂರು ಅಂಕೆಗಳನ್ನು ಗೀಚಿರುವುದುಂಟು. ಬಿಡಿಯಾಗಿ ಮಾರಾಟಕ್ಕೆ ಬಂದ ಸಿಲಿಂಡರಿನ ಮೇಲೆ ಅಂಥ ಮೂರು ಅಂಕೆಗಳು ಕಂಡರೆ ಅದು ಬೇರೊಂದು ರಿವಾಲ್ವರಿಗೆಂದು ಹೊಂದಿಸಿದ್ದು, ಈಗ ಜೋಡಿ ಕಳಚಿಕೊಂಡು ಬಂದಿದೆ ಎಂದರ್ಥ. ಕೊಳ್ಳಬಾರದೆಂದೇನಿಲ್ಲ, ಪರೀಕ್ಷೆಯಿಲ್ಲದೆ ಹಾಕಬಹುದೆಂಬ ಭ್ರಮೆ ಮಾತ್ರ ಬೇಡ.

ಬಳಸಿದ ಸಿಲಿಂಡರನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶವಿದ್ದರೆ ಮೊದಲು ಹೊರಮೈಯ ಲ್ಯಾಚ್ ಗುಳಿಗಳನ್ನು ನೋಡಿ. ಆರು ಗುಂಡಿನ ಸಿಲಿಂಡರಿನಲ್ಲಿ ಈ ಗುಳಿಗಳು ಬಹುಮಟ್ಟಿಗೆ ಚೇಂಬರಿನ ನೆತ್ತಿಯ ಮೇಲೆಯೇ ಬರುವುದರಿಂದ ಇಡೀ ಸಿಲಿಂಡರಿನಲ್ಲಿ ಲೋಹ ಅತ್ಯಂತ ತೆಳುವಾಗಿರುವುದು ಅಲ್ಲೇ. ಅತಿ ಒತ್ತಡದ ತೋಟಾ ಹಾರಿಸಿದ್ದರೆ ಆ ಜಾಗ ಒಳಗಿನಿಂದ ಉಬ್ಬಿರುತ್ತದೆ. ದೀಪದ ಬೆಳಕು ಓರೆಯಾಗಿ ಬೀಳುವಂತೆ ಸಿಲಿಂಡರನ್ನು ತಿರುಗಿಸಿದಾಗ ಗುಳಿಯ ತಳದಲ್ಲಿ ಹೊಳಪಿನ ಗೆರೆ ಅಲುಗಿದಂತೆ ಕಾಣುತ್ತದೆ. ಅಂಥದನ್ನು ಪುಕ್ಕಟೆ ಕೊಟ್ಟರೂ ಬೇಡ. ಗುಳಿಯ ಅಂಚು ಜಜ್ಜಿ ಬಾಯಿ ಅಗಲವಾಗಿದ್ದರೆ ಲ್ಯಾಚ್ ಬಿಗಿಯಾಗಿ ಹಿಡಿಯುವುದಿಲ್ಲ. ಆಮೇಲೆ ಹಿಂಬದಿಯ ಆರು ಹಲ್ಲುಗಳನ್ನು ನೋಡಿ: ಒಂದೇ ಹಲ್ಲು ಮಾತ್ರ ಬೇರೆಯವಕ್ಕಿಂತ ಹೆಚ್ಚು ಹೊಳೆಯುತ್ತಿದ್ದರೆ ಯಾರೋ ಅದರ ಮೇಲೆ ಕೈಯಾಡಿಸಿದ್ದಾರೆ. ಕಡೆಯದಾಗಿ ಚೇಂಬರುಗಳ ಮುಂಬಾಯಿ, ಅಂದರೆ ಗುಂಡು ಹೊರಡುವ ಗಂಟಲು. .45 ಕೋಲ್ಟ್ ಸಿಲಿಂಡರುಗಳಲ್ಲಿ ಈ ಗಂಟಲು ಕೆಲವೊಮ್ಮೆ 0.449 ಇಂಚಿನಷ್ಟು ಕಿರಿದಾಗಿರುವುದುಂಟು, 0.452 ಇಂಚಿನ ಸೀಸದ ಗುಂಡು ಅಲ್ಲಿ ಹಿಂಡಿಸಿಕೊಂಡು ಸಣ್ಣದಾಗಿ, ಅಗಲವಾದ ನಳಿಗೆಯೊಳಗೆ ಸಡಿಲವಾಗಿ ಹೋಗುತ್ತದೆ. ಅಂಗಡಿಯಲ್ಲೇ ಒಂದು ಬಿಡಿ ಗುಂಡನ್ನು ಮುಂಬಾಯಿಯಿಂದ ಇಳಿಸಿ ನೋಡಬಹುದು. ಬೆರಳಿನಿಂದ ಒತ್ತಿದರೆ ತುಸು ಬಿಗಿಯಾಗಿ ಜಾರಬೇಕು, ತಾನಾಗಿ ಬೀಳಲೂಬಾರದು, ಅಂಟಿ ನಿಲ್ಲಲೂಬಾರದು.

ಮೇಜಿನ ಮೇಲೆ

ಬೇಕಾದ ಸಾಮಾನು ಹೆಚ್ಚೇನಿಲ್ಲ: ಸಂದು ಅಳೆಯುವ ತೆಳು ಪಟ್ಟಿಗಳಾದ ಫೀಲರ್ ಗೇಜುಗಳ ಒಂದು ಕಟ್ಟು, ಕ್ಯಾಲಿಪರ್, ಆಯಾ ಕ್ಯಾಲಿಬರಿನ ಆರು ಡಮ್ಮಿ (ಮದ್ದಿಲ್ಲದ) ತೋಟಾ, ಕಪ್ಪು ಮಾರ್ಕರ್ ಪೆನ್ನು, ಒಂದು ಒಳ್ಳೆಯ ದೀಪ. ನಳಿಗೆ ಮತ್ತು ಚೇಂಬರ್ ಒಂದೇ ನೇರದಲ್ಲಿವೆಯೇ ಎಂದು ನೋಡುವ ರೇಂಜ್ ರಾಡ್ ಇದ್ದರೆ ಒಳ್ಳೆಯದು. ಇಲ್ಲದವರು ಆ ಒಂದು ಪರೀಕ್ಷೆಯನ್ನು ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಬಳಿ ಮಾಡಿಸಿಕೊಳ್ಳಬಹುದು. ಇಲ್ಲಿ ಬರುವ ಅಳತೆಗಳೆಲ್ಲ ಇಂಚಿನ ಸಾವಿರದ ಭಾಗಗಳಲ್ಲಿವೆ, ಲೇತ್ ಕೆಲಸದವರು ‘ಥೌ’ ಎನ್ನುವ ಅಳತೆ. ಅಂದಾಜಿಗೆ ಹೇಳುವುದಾದರೆ ಬರೆಯುವ ಕಾಗದದ ಒಂದು ಹಾಳೆ ಸುಮಾರು ನಾಲ್ಕು ಥೌ ದಪ್ಪವಿರುತ್ತದೆ.

ಜೀವಂತ ತೋಟಾಗಳೆಲ್ಲ ಬೇರೆ ಕೋಣೆಗೆ ಹೋಗಲಿ. ಈ ಕೆಲಸದಲ್ಲಿ ಹ್ಯಾಮರನ್ನು ನೂರಾರು ಸಲ ಎಳೆದು ಬಿಡುವುದಿರುತ್ತದೆ. ಡಮ್ಮಿಯ ನಡುವೆ ನಿಜದ ತೋಟಾ ಒಂದೇ ಒಂದು ಸೇರಿಕೊಂಡರೂ ಸಾಕು.

ಹಳೆಯ ಕೋಲ್ಟ್ ಮಾದರಿಯಲ್ಲಿ ಹ್ಯಾಮರನ್ನು ಎರಡನೆಯ ಕ್ಲಿಕ್ಕಿನವರೆಗೆ, ಅಂದರೆ ಹಾಫ್ ಕಾಕ್‌ಗೆ ಎಳೆದು, ತೋಟಾ ತುಂಬುವ ಬಾಗಿಲಾದ ಗೇಟ್ ತೆರೆಯಬೇಕು. ರೂಗರ್ ನ್ಯೂ ಮಾಡೆಲ್‌ನಲ್ಲಿ ಹ್ಯಾಮರ್ ಮುಟ್ಟದೆ ಗೇಟ್ ತೆರೆದರೆ ಸಾಕು, ಲ್ಯಾಚ್ ಕೆಳಗಿಳಿದು ಸಿಲಿಂಡರ್ ಬಿಡುಗಡೆಯಾಗುತ್ತದೆ. ಆರೂ ಚೇಂಬರನ್ನು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ಖಾಲಿ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಫ್ರೇಮಿನ ಬದಿಯ ಗುಂಡಿಯನ್ನು ಒತ್ತಿ ಹಿಡಿದು ಬೇಸ್ ಪಿನ್ ಎಳೆಯಿರಿ.

ಹೊಸ ಸಿಲಿಂಡರನ್ನು ಹಾಕುವ ಮುನ್ನ ಹಳೆಯದನ್ನೇ ಮತ್ತೆ ಕೂರಿಸಿ, ಕೆಳಗೆ ಹೇಳುವ ಎಲ್ಲ ಅಳತೆಗಳನ್ನೂ ಅದರ ಮೇಲೆ ಮೊದಲು ತೆಗೆದು ಬರೆದಿಟ್ಟುಕೊಳ್ಳಿ. ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು. ಆದರೆ ನಿಮ್ಮ ರಿವಾಲ್ವರಿನ ಆರೋಗ್ಯವಂತ ಸ್ಥಿತಿ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಯಾವ ಪುಸ್ತಕದಲ್ಲೂ ಸಿಗದು.

ನಾಲ್ಕು ಅಳತೆಗಳು

ಹೊಸ ಸಿಲಿಂಡರ್ ಒಳಗೆ ಉರುಳಿತು, ಬೇಸ್ ಪಿನ್ ಒತ್ತಾಯವಿಲ್ಲದೆ ಪೂರ್ತಿ ಹೊಕ್ಕು ಗುಂಡಿ ತಾನಾಗಿ ಹೊರಕ್ಕೆ ಪುಟಿಯಿತು ಎಂದುಕೊಳ್ಳೋಣ. ಪಿನ್ನನ್ನು ಸುತ್ತಿಗೆಯಿಂದ ತಟ್ಟಬೇಕಾಗಿ ಬಂದರೆ ಅಲ್ಲಿಗೇ ನಿಲ್ಲಿಸಿ. ರಂಧ್ರದ ವ್ಯಾಸ ಬೇರೆ, ಅಥವಾ ಬುಶಿಂಗ್ ಬೇರೆ.

ಮೊದಲ ಅಳತೆ ಸಿಲಿಂಡರಿನ ಮುಖಕ್ಕೂ ನಳಿಗೆಯ ಹಿಂತುದಿಗೂ ನಡುವಿನ ಸಂದು. ಸಿಲಿಂಡರನ್ನು ಬೆರಳಿನಿಂದ ಹಿಂದಕ್ಕೆ ಒತ್ತಿ ಹಿಡಿದು ಫೀಲರ್ ಗೇಜನ್ನು ಆ ಸಂದಿನಲ್ಲಿ ತೂರಿಸಬೇಕು. 0.004ರಿಂದ 0.008 ಇಂಚು ಒಳ್ಳೆಯ ವ್ಯಾಪ್ತಿ. ನನ್ನನ್ನು ಕೇಳಿದರೆ 0.006 ಸುಖವಾದ ನಡುದಾರಿ. ಈ ವ್ಯಾಪ್ತಿಗಿಂತ ಕಿರಿದಾದರೆ ಹತ್ತಾರು ಗುಂಡಿನ ಬಳಿಕ ಮಸಿ ಕಟ್ಟಿ, ಲೋಹ ಬಿಸಿಯಾಗಿ ಹಿಗ್ಗಿ, ಸಿಲಿಂಡರ್ ತಿರುಗಲು ಹಟ ಹಿಡಿಯುತ್ತದೆ. ಹೆಚ್ಚು ಅಗಲವಾದರೆ ಬಿಸಿ ಅನಿಲವೂ ಸೀಸದ ತುಣುಕುಗಳೂ ಪಕ್ಕಕ್ಕೆ ಸಿಡಿಯುತ್ತವೆ. ಒಂದು ಚೇಂಬರಿಗೆ ಮಾತ್ರ ಅಳೆದು ಸುಮ್ಮನಾಗಬೇಡಿ, ಆರಕ್ಕೂ ಅಳೆಯಿರಿ. ಸಿಲಿಂಡರಿನ ಮುಖ ಅಕ್ಷಕ್ಕೆ ಸರಿಯಾಗಿ ಲಂಬವಾಗಿ ಇಲ್ಲದಿದ್ದರೆ ಒಂದು ಬದಿಯಲ್ಲಿ ನಾಲ್ಕು, ಎದುರು ಬದಿಯಲ್ಲಿ ಏಳು ಥೌ ಬರುತ್ತದೆ.

ಎರಡನೆಯದು ಹಿಂದುಮುಂದಿನ ಆಟ. ಮೆಕ್ಯಾನಿಕ್‌ಗಳು ಬೇರಿಂಗಿನ ವಿಷಯದಲ್ಲಿ ‘ಪ್ಲೇ’ ಎನ್ನುವುದೂ ಇದನ್ನೇ. ಸಿಲಿಂಡರನ್ನು ಹಿಂದಕ್ಕೆ ಒತ್ತಿ ಸಂದನ್ನು ಅಳೆದಿರಿ. ಈಗ ಮುಂದಕ್ಕೆ ಒತ್ತಿ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ಆಟ. ಒಂದರಿಂದ ಮೂರು ಥೌ ಇದ್ದರೆ ಸರಿ, ಐದನ್ನು ಮೀರಿದರೆ ಪ್ರತಿ ಗುಂಡಿಗೂ ಸಿಲಿಂಡರ್ ಫ್ರೇಮಿನ ಹಿಂಗೋಡೆಗೆ ಬಡಿದು ಆಟ ಇನ್ನಷ್ಟು ಬೆಳೆಯುತ್ತದೆ. ಏನೂ ಆಟವಿಲ್ಲದಿದ್ದರೆ ಸಿಲಿಂಡರ್ ಬಿಗಿಯಾಗಿ ಉಜ್ಜುತ್ತಿದೆ ಎಂದರ್ಥ. ಕೋಲ್ಟ್ ಮಾದರಿಯ ಸಿಲಿಂಡರುಗಳಲ್ಲಿ ಆಟವನ್ನು ನಿರ್ಧರಿಸುವುದು ಮುಂದೆ ಚಾಚಿಕೊಂಡ ಬುಶಿಂಗ್. ಅದು ಬಿಡಿ ಭಾಗವಾಗಿದ್ದರೆ ಅದನ್ನಷ್ಟೇ ಬದಲಿಸಿ ಸರಿಮಾಡಬಹುದು.

ಮೂರನೆಯದು ತೋಟಾದ ತಳಕ್ಕೂ ಹಿಂಗೋಡೆಗೂ ಇರುವ ಜಾಗ, ಅಂದರೆ ಹೆಡ್‌ಸ್ಪೇಸ್. .357, .44, .45 ಕೋಲ್ಟ್‌ನಂತಹ ರಿಮ್ ಇರುವ ತೋಟಾಗಳಲ್ಲಿ ರಿಮ್ಮಿನ ದಪ್ಪ ಗರಿಷ್ಠ 0.060 ಇಂಚು. ಡಮ್ಮಿ ತೋಟಾ ಹಾಕಿದ ಮೇಲೆ ಅದರ ತಳಕ್ಕೂ ಹಿಂಗೋಡೆಗೂ ನಡುವೆ ಎರಡು ಮೂರು ಥೌ ಗೇಜ್ ಸರಿದಾಡಿದರೆ ನೆಮ್ಮದಿ. ರಿಮ್ ಇಲ್ಲದ 9 ಎಂಎಂ ಮತ್ತು .45 ಎಸಿಪಿ ತೋಟಾಗಳು ಚೇಂಬರಿನ ಒಳಮೆಟ್ಟಿಲಿಗೆ ಕೇಸಿನ ಬಾಯಂಚನ್ನು ಆನಿಸಿ ನಿಲ್ಲುತ್ತವೆ. ಇವುಗಳಲ್ಲಿ ಕಣ್ಣಂದಾಜು ನಡೆಯದು, ಜಾಗದ ಕನಿಷ್ಠ, ಗರಿಷ್ಠ ಮಿತಿಗಳನ್ನು ತೋರುವ ಗೋ ಮತ್ತು ನೋ-ಗೋ ಗೇಜುಗಳನ್ನೇ ಬಳಸಬೇಕು. ಜಾಗ ಕಡಿಮೆಯಾದರೆ ತೋಟಾ ತುಂಬಿದ ಸಿಲಿಂಡರ್ ತಿರುಗದು, ಹೆಚ್ಚಾದರೆ ತೋಟಾದ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಹಿಂದಕ್ಕೆ ಸರಿಯುತ್ತದೆ ಅಥವಾ ಏಟು ಹುಸಿಯಾಗುತ್ತದೆ.

ನಾಲ್ಕನೆಯದು ನೇರ. ಹ್ಯಾಮರನ್ನು ಪೂರ್ತಿ ಎಳೆದು ಸಿಲಿಂಡರ್ ಬಿಗಿದು ನಿಂತ ಸ್ಥಿತಿಯಲ್ಲಿ ರೇಂಜ್ ರಾಡನ್ನು ನಳಿಗೆಯ ತುದಿಯಿಂದ ಮೆಲ್ಲನೆ ಇಳಿಸಬೇಕು. ಅದರ ಹಿತ್ತಾಳೆಯ ತಲೆ ನಳಿಗೆಯನ್ನು ದಾಟಿ ಚೇಂಬರಿನೊಳಗೆ ಎಡವದೆ ಹೋಗಬೇಕು. ‘ಟಿಕ್’ ಎಂದು ಅಂಚಿಗೆ ತಗುಲಿದರೆ ಆ ಚೇಂಬರ್ ನಳಿಗೆಗೆ ನೇರವಾಗಿಲ್ಲ. ಗುಂಡು ಅಲ್ಲಿ ಸೀಳಿ ಸಿಡಿಯುತ್ತದೆ. ನಳಿಗೆಯ ಹಿಂಬಾಯಿಯ ಆಲಿಕೆಯಾಕಾರವನ್ನು ಇನ್ನಷ್ಟು ಅಗಲಿಸಿ ಈ ದೋಷವನ್ನು ಮುಚ್ಚಿಹಾಕುವ ಸಲಹೆ ಕೆಲವರು ಕೊಡುತ್ತಾರೆ. ಅದು ಹೊಸ ಸಿಲಿಂಡರಿನ ತಪ್ಪಿಗೆ ನಳಿಗೆಯನ್ನು ದಂಡಿಸಿದಂತೆ. ಮೊದಲು ಹೇಳಿದ ಸೂತ್ರಕ್ಕೆ ನೇರ ವಿರುದ್ಧ. ಇಂಥ ಸಿಲಿಂಡರನ್ನು ಹಿಂದಿರುಗಿಸುವುದೇ ದಾರಿ.

ತಿರುಗುವ ಲಯ

ಅಳತೆಗಳು ಸರಿಬಂದರೂ ಕೆಲಸ ಅರ್ಧವೇ ಆಗಿದೆ. ಹ್ಯಾಮರನ್ನು ಹಿಂದಕ್ಕೆ ಎಳೆಯುವಾಗ ಪಾಲ್ ಮೇಲೇರಿ ಸಿಲಿಂಡರಿನ ಹಿಂಬದಿಯ ಹಲ್ಲನ್ನು ತಳ್ಳುತ್ತದೆ. ಸಿಲಿಂಡರ್ ಆರನೆಯ ಒಂದು ಭಾಗ ತಿರುಗುತ್ತದೆ. ಲ್ಯಾಚ್ ಗುಳಿಯೊಳಗೆ ಬಿದ್ದು ನಿಲ್ಲಿಸುತ್ತದೆ. ಲ್ಯಾಚ್ ಗುಳಿಗೆ ಬೀಳುವುದೂ ಹ್ಯಾಮರ್ ಕೊನೆಯ ಕ್ಲಿಕ್ ಮುಟ್ಟುವುದೂ ಹೆಚ್ಚುಕಡಿಮೆ ಒಂದೇ ಕ್ಷಣದಲ್ಲಿ ಆಗಬೇಕು.

ಪರೀಕ್ಷಿಸುವ ಬಗೆ ಹೀಗೆ. ಆರು ಚೇಂಬರುಗಳಿಗೂ ಮಾರ್ಕರಿನಿಂದ 1ರಿಂದ 6ರವರೆಗೆ ಅಂಕೆ ಹಾಕಿ. ಹ್ಯಾಮರನ್ನು ಹೆಬ್ಬೆರಳಿನಿಂದ ಬಹಳ ನಿಧಾನವಾಗಿ ಎಳೆಯಿರಿ, ಅದೇ ಹೊತ್ತಿಗೆ ಇನ್ನೊಂದು ಕೈಯ ಬೆರಳನ್ನು ಸಿಲಿಂಡರಿನ ಮೇಲೆ ಹಗುರವಾಗಿ ತಾಗಿಸಿ, ಅದು ತನ್ನ ವೇಗದಲ್ಲೇ ಓಡಿಹೋಗದಂತೆ ನೋಡಿಕೊಳ್ಳಿ. ಜೋರಾಗಿ ಎಳೆದರೆ ಸಿಲಿಂಡರ್ ತನ್ನ ತೂಕದ ಓಟಕ್ಕೇ ಗುಳಿಯವರೆಗೆ ಹೋಗಿಬಿಡುತ್ತದೆ, ದೋಷ ಮುಚ್ಚಿಹೋಗುತ್ತದೆ. ಹ್ಯಾಮರ್ ಪೂರ್ತಿ ಎಳೆದಾದ ಮೇಲೂ ಲ್ಯಾಚ್ ಗುಳಿಗೆ ಬಿದ್ದಿರದಿದ್ದರೆ ಆ ಹಲ್ಲು ತಗ್ಗಾಗಿದೆ. ಲ್ಯಾಚ್ ಬೇಗನೇ ಬಿದ್ದು, ಹ್ಯಾಮರ್ ಕೊನೆಯ ಎಳೆತದಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡಂತೆ ಅನಿಸಿದರೆ ಹಲ್ಲು ಎತ್ತರವಾಗಿದೆ. ಪಾಲ್ ತಳ್ಳುತ್ತಲೇ ಇದೆ, ಸಿಲಿಂಡರಿಗೆ ಹೋಗಲು ಜಾಗವಿಲ್ಲ.

ನಾನು ಮೊದಲ ಸಲ ಈ ಕೆಲಸಕ್ಕೆ ಕೈಹಾಕಿದಾಗ ಅಂಕೆ ಹಾಕಿರಲಿಲ್ಲ. ಆರರಲ್ಲಿ ಒಂದು ಚೇಂಬರ್ ಮಾತ್ರ ಬಿಗಿಯಾಗುತ್ತಿತ್ತು. ಯಾವುದೆಂದು ಗುರುತು ಉಳಿಯದೆ ಪಕ್ಕದ ಹಲ್ಲಿಗೆ ಸಾಣೆ ಹಿಡಿದೆ. ಬಿಗಿಯಾಗಿದ್ದದ್ದು ಬಿಗಿಯಾಗಿಯೇ ಉಳಿಯಿತು, ಸರಿಯಿದ್ದದ್ದು ಸಡಿಲವಾಯಿತು. ಎರಡು ಪೈಸೆಯ ಮಸಿ ಉಳಿಸಲು ಹೋಗಿ ಒಂದು ಸಿಲಿಂಡರ್ ಕಳೆದುಕೊಂಡೆ.

ಎತ್ತರವಾದ ಹಲ್ಲನ್ನು ತಗ್ಗಿಸುವುದು ಸಾಧ್ಯ. ಹಲ್ಲಿಗೆ ಮಾರ್ಕರಿನ ಕಪ್ಪು ಬಳಿದು, ಹ್ಯಾಮರನ್ನು ಒಂದೆರಡು ಸಲ ಎಳೆದು, ಸಿಲಿಂಡರ್ ತೆಗೆದು ನೋಡಿದರೆ ಪಾಲ್ ಉಜ್ಜಿದ ಜಾಗದಲ್ಲಿ ಕಪ್ಪು ಕಿತ್ತು ಲೋಹ ಮಿನುಗುತ್ತಿರುತ್ತದೆ. ಆ ಮಿನುಗಿನ ಮೇಲೆ ಮಾತ್ರ, ಹಲ್ಲಿನ ಮೂಲ ಕೋನ ಕೆಡದಂತೆ, ನಯವಾದ ಸಾಣೆಕಲ್ಲಿನಿಂದ ಎರಡು ಮೂರು ಸಲ ಎಳೆದು, ಮತ್ತೆ ಕಪ್ಪು ಬಳಿದು, ಮತ್ತೆ ಹಾಕಿ ನೋಡಬೇಕು. ಬೇಸರ ಬರುವಷ್ಟು ಸಲ ಹಾಕಿ ತೆಗೆಯುವುದೇ ಇದರ ಮರ್ಮ. ಅರ ಬೇಡ, ಅರ ಒಂದೇ ಎಳೆತಕ್ಕೆ ಕಲ್ಲಿನ ಹತ್ತು ಎಳೆತದಷ್ಟು ತಿನ್ನುತ್ತದೆ. ತಗ್ಗಾದ ಹಲ್ಲಿಗೆ ಮಾತ್ರ ಮನೆಮದ್ದಿಲ್ಲ. ಲೋಹವನ್ನು ತೆಗೆಯಬಹುದು, ಸೇರಿಸಲಾಗದು. ಉದ್ದನೆಯ ಪಾಲ್ ಹಾಕಿದರೆ ಹೊಸ ಸಿಲಿಂಡರ್ ಸರಿಹೋಗುತ್ತದೆ ನಿಜ, ಆದರೆ ಹಳೆಯದರಲ್ಲಿ ಆರೂ ಹಲ್ಲು ಬಿಗಿಯಾಗುತ್ತವೆ. ಆದ್ದರಿಂದ ಕೊಳ್ಳುವಾಗ ಆಯ್ಕೆ ಇದ್ದರೆ, ಹಲ್ಲಿಗೆ ಇನ್ನೂ ಕೈಹಚ್ಚದೆ ತುಸು ಎತ್ತರ ಉಳಿಸಿರುವ ಹೊಸ ಸಿಲಿಂಡರ್, ಬಳಸಿ ಸವೆದದ್ದಕ್ಕಿಂತ ಮೇಲು.

ಮುಂಬದಿ ನಳಿಗೆಗೆ ಉಜ್ಜುತ್ತಿದ್ದರೆ ಸಿಲಿಂಡರಿನ ಮುಖವನ್ನು ಲೇತ್ ಮೇಲೆ ಒಂದೆರಡು ಥೌ ತೆಗೆಸಬೇಕು; ಕೈಯಲ್ಲಿ ಅರ ಹಿಡಿದು ಮಾಡಿದರೆ ಮುಖ ಓರೆಯಾಗುತ್ತದೆ. ಗಂಟಲು ಅಗಲಿಸುವುದು, ಚೇಂಬರ್ ಕೊರೆಯುವುದು, ಲ್ಯಾಚ್ ಗುಳಿ ತಿದ್ದುವುದು ಗನ್‌ಸ್ಮಿತ್ ಕೆಲಸ, ಅದರ ಬಗ್ಗೆ ಚರ್ಚೆಯೇ ಬೇಡ.

ಕೇಪಿನ ರಿವಾಲ್ವರುಗಳ ವಿಷಯ

ಕರಿಮದ್ದು ತುಂಬಿ ಕೇಪು ಸಿಕ್ಕಿಸಿ ಹಾರಿಸುವ 1858ರ ರೆಮಿಂಗ್ಟನ್ ಮಾದರಿಯ ಪ್ರತಿಕೃತಿಗಳಲ್ಲಿ ಸಿಲಿಂಡರ್ ಬದಲಾವಣೆ ಇನ್ನೂ ಸುಲಭ: ಲೋಡಿಂಗ್ ಲಿವರ್ ಇಳಿಸಿ, ಪಿನ್ ಮುಂದಕ್ಕೆ ಎಳೆದರೆ ಆಯಿತು. ಕೋಲ್ಟ್‌ನ 1860ರ ಮಾದರಿಯಲ್ಲಾದರೆ ಬೆಣೆ ಹೊಡೆದು ತೆಗೆದು ನಳಿಗೆಯನ್ನೇ ಕಳಚಬೇಕು. ಇಲ್ಲಿಯೂ ತಯಾರಕರು ಬೇರೆಯಾದರೆ ಅಳತೆ ಬೇರೆ. ಸಿಲಿಂಡರನ್ನು ಮೊದಲೇ ತುಂಬಿ, ಕೇಪು ಸಿಕ್ಕಿಸಿ, ಸೊಂಟದ ಚೀಲದಲ್ಲಿಟ್ಟುಕೊಂಡು ಓಡಾಡುವ ರೀತಿ ಸಿನಿಮಾದಲ್ಲಿ ಚೆನ್ನಾಗಿ ಕಾಣುತ್ತದೆ. ಕೇಪು ಹಾಕಿದ ಸಿಲಿಂಡರ್ ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಹ್ಯಾಮರಿನ ಅಗತ್ಯವೇ ಇಲ್ಲದೆ ಹಾರಬಹುದು. ಕೇಪನ್ನು ರಿವಾಲ್ವರಿನೊಳಗೆ ಕೂರಿಸಿದ ಮೇಲೆಯೇ ಹಾಕಬೇಕು.

ಈ ರಿವಾಲ್ವರುಗಳಿಗೆ ತೋಟಾ ಬಳಸಲು ಅನುವು ಮಾಡುವ ಕನ್ವರ್ಷನ್ ಸಿಲಿಂಡರುಗಳು ಕರ್ಸ್ಟ್, ಹೊವೆಲ್ ಮುಂತಾದ ಹೆಸರುಗಳಲ್ಲಿ ಸಿಗುತ್ತವೆ. ಒಂದು ಬಗೆಯಲ್ಲಿ ಹಿಂಬದಿಯ ತಟ್ಟೆಯಲ್ಲೇ ಆರು ಫೈರಿಂಗ್ ಪಿನ್ನುಗಳಿರುತ್ತವೆ. ಇನ್ನೊಂದರಲ್ಲಿ ತಿರುಗದೆ ನಿಲ್ಲುವ ಉಂಗುರದಲ್ಲಿ ಒಂದೇ ಪಿನ್. ಹಿತ್ತಾಳೆಯ ಫ್ರೇಮಿಗೆ ಇವು ಸಲ್ಲವು. ಉಕ್ಕಿನ ಫ್ರೇಮಿನಲ್ಲೂ ತಯಾರಕರು ಹೇಳಿದ ಕರಿಮದ್ದಿನ ಅಥವಾ ಕಡಿಮೆ ಒತ್ತಡದ ತೋಟಾ ಮಾತ್ರ. ಪುರಾತನ ಮಾದರಿಯೆಂದು ಕಾನೂನಿನಿಂದ ವಿನಾಯಿತಿ ಪಡೆದ ಕೇಪಿನ ರಿವಾಲ್ವರ್, ತೋಟಾ ಸಿಲಿಂಡರ್ ಹಾಕಿದ ಗಳಿಗೆಯಲ್ಲಿ ಆ ವಿನಾಯಿತಿಯನ್ನು ಕಳೆದುಕೊಳ್ಳಬಹುದು ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು.

ಮೊದಲ ಗುಂಡುಗಳು

ಪರವಾನಗಿ ಇರುವ ಗುರಿಯಭ್ಯಾಸದ ಮೈದಾನದಲ್ಲಿ, ಕಣ್ಣು ಕಿವಿಗಳಿಗೆ ರಕ್ಷಣೆ ಹಾಕಿ, ಕಾರ್ಖಾನೆಯ ಸೌಮ್ಯ ತೋಟಾಗಳಿಂದ ಆರಂಭಿಸಿ. ಮೊದಲ ಸುತ್ತಿನಲ್ಲಿ ಒಂದು ಸಲಕ್ಕೆ ಒಂದೇ ತೋಟಾ ತುಂಬಿ, ಹಾರಿಸಿ, ಕೇಸನ್ನು ತೆಗೆದು ಚೇಂಬರಿನ ಅಂಕೆಯೊಂದಿಗೆ ಸಾಲಾಗಿ ಇಡಿ. ಫೈರಿಂಗ್ ಪಿನ್ನಿನ ಗುರುತು ಪ್ರೈಮರಿನ ನಡುವೆ ಇದೆಯೇ, ಪ್ರೈಮರ್ ಹಿಂದಕ್ಕೆ ಉಬ್ಬಿದೆಯೇ, ಕೇಸಿನ ಬದಿಯಲ್ಲಿ ಬಿರುಕಿದೆಯೇ ನೋಡಿ. ರಿವಾಲ್ವರನ್ನು ಬೆಂಚಿನ ಆಸರೆಯ ಮೇಲಿಟ್ಟು, ಸಿಲಿಂಡರಿನ ಸಂದಿನಿಂದ ಒಂದು ಅಡಿ ದೂರದಲ್ಲಿ ಪಕ್ಕಕ್ಕೆ ಬಿಳಿಯ ರಟ್ಟು ನಿಲ್ಲಿಸಿ ಹಾರಿಸಿದರೆ, ಸೀಸ ಸಿಡಿಯುತ್ತಿದ್ದಲ್ಲಿ ರಟ್ಟಿನ ಮೇಲೆ ಬೂದು ಬಣ್ಣದ ಚುಕ್ಕೆಗಳೂ ಸಣ್ಣ ತೂತುಗಳೂ ಮೂಡುತ್ತವೆ. ಆ ಸಂದಿನ ಹತ್ತಿರ ಬೆರಳು ಬರಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಗುಂಡು ಬೀಳುವ ಜಾಗವೂ ಬದಲಾಗುತ್ತದೆ. 9 ಎಂಎಂನ ಹಗುರ ಗುಂಡು ಸಾಮಾನ್ಯವಾಗಿ .357ರ ಭಾರವಾದ ಗುಂಡಿಗಿಂತ ಕೆಳಗೆ ಬೀಳುತ್ತದೆ. ಹಿಂದಿನ ಸೈಟ್ ತಿರುಪಿನದಾದರೆ ಎಷ್ಟು ಕ್ಲಿಕ್ ತಿರುಗಿಸಿದಿರಿ ಎಂಬುದನ್ನು ಸಿಲಿಂಡರಿನ ಚೀಲದ ಮೇಲೆಯೇ ಬರೆದಿಡಿ. ಸೈಟ್ ಫ್ರೇಮಿನಲ್ಲೇ ಕೊರೆದದ್ದಾದರೆ ಗುರಿಯನ್ನು ಮೇಲೆ ಕೆಳಗೆ ಹಿಡಿಯುವುದನ್ನು ಕಲಿಯಬೇಕು.

ಸಿಲಿಂಡರುಗಳು ಅದಲುಬದಲಾಗದಂತೆ, ತೋಟಾಗಳೂ ಬೆರೆಯದಂತೆ ಪ್ರತಿಯೊಂದನ್ನು ಅದರದೇ ತೋಟಾದ ಡಬ್ಬಿಯೊಂದಿಗೆ ಇಡುವುದು ಕ್ಷೇಮ. .357ರ ಚೇಂಬರಿಗೆ 9 ಎಂಎಂ ತೋಟಾ ಪೂರ್ತಿ ಇಳಿಯುವುದಿಲ್ಲ, ಅದರ ತಳ ದಪ್ಪ. ಆದ್ದರಿಂದ ಆ ತಪ್ಪು ತಾನಾಗಿ ಗೊತ್ತಾಗುತ್ತದೆ. ಅಪಾಯವಿರುವುದು .22ರಲ್ಲಿ. ಮ್ಯಾಗ್ನಂ ಚೇಂಬರ್ ಲಾಂಗ್ ರೈಫಲ್ ಕೇಸಿಗಿಂತ ಹದಿನೈದು ಥೌಗಳಷ್ಟು ಅಗಲ. ತೋಟಾ ಸಲೀಸಾಗಿ ಒಳಗೆ ಹೋಗುತ್ತದೆ, ಹಾರುತ್ತದೆ, ಕೇಸು ಉದ್ದಕ್ಕೆ ಸೀಳಿ ಬಿಸಿ ಅನಿಲ ಹಿಂದಕ್ಕೆ ಬರುತ್ತದೆ.

ಹೊಸ ಸಿಲಿಂಡರಿನಲ್ಲಿ ನೂರು ಗುಂಡು ಹಾರಿಸಿ ಬಂದ ದಿನ, ರಿವಾಲ್ವರನ್ನು ಒರೆಸಿ, ಬೇಸ್ ಪಿನ್ನಿಗೆ ತೆಳುವಾಗಿ ಎಣ್ಣೆ ಸವರಿ, ಹಳೆಯ ಸಿಲಿಂಡರನ್ನು ಮತ್ತೆ ಹಾಕಿ. ಸಂದು, ಆಟ, ಹೆಡ್‌ಸ್ಪೇಸ್, ಆರೂ ಚೇಂಬರುಗಳ ಲಯ, ಎಲ್ಲವನ್ನೂ ಇನ್ನೊಮ್ಮೆ ಅಳೆದು ಮೊದಲ ದಿನ ಬರೆದಿಟ್ಟ ಚೀಟಿಯ ಪಕ್ಕದಲ್ಲಿ ಬರೆಯಿರಿ. ಎರಡು ಸಾಲುಗಳ ಅಂಕೆಗಳು ಒಂದೇ ಆಗಿದ್ದರೆ ಎರಡೂ ಸಿಲಿಂಡರುಗಳು ನಿಮ್ಮವು.